ಅದು ಸಮ್ಮೇಳನವಲ್ಲ, ಅಂಕಪಟ್ಟಿಯ ಅರ್ಧ

ಮಾನ್ಯ ಸಂಪಾದಕರೇ,

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ಗೆ, ಅಂದರೆ ಎನ್‌ಎಚ್‌ಎಲ್‌ಗೆ, ಕ್ರೀಡಾ ಪುಟದಲ್ಲಿ ಜಾಗ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ‘ವೆಸ್ಟರ್ನ್ ಕಾನ್ಫರೆನ್ಸ್’ ಅನ್ನು ‘ಪಶ್ಚಿಮ ಸಮ್ಮೇಳನ’ ಎಂದು ಅಚ್ಚು ಹಾಕಿದರೆ ಅಧ್ಯಕ್ಷರ ಮೆರವಣಿಗೆ, ಗೋಷ್ಠಿ, ನಿರ್ಣಯ ಮಂಡನೆ ಕಣ್ಣಮುಂದೆ ಬರುತ್ತವೆಯೇ ಹೊರತು ಮಂಜಿನ ಮೇಲಿನ ಹಾಕಿ ಬರುವುದಿಲ್ಲ. ಎಡವಟ್ಟು ಪದದಲ್ಲೇ ನಿಂತಿದ್ದರೆ ಈ ಪತ್ರ ಬೇಕಿರಲಿಲ್ಲ. ಕಾನ್ಫರೆನ್ಸ್ ಎಂದರೇನು ಎಂಬುದನ್ನು ಬಿಟ್ಟುಬಿಟ್ಟು 32 ತಂಡಗಳನ್ನೂ ಒಂದೇ ಪಟ್ಟಿಗೆ ಸುರಿದು, ಹದಿನಾರನೆಯ ಸಾಲಿನ ಕೆಳಗೆ ಗೆರೆ ಎಳೆದು, ಮೇಲಿರುವವರೆಲ್ಲ ಪ್ಲೇ ಆಫ್‌ಗೆ, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳಿಗೆ, ಅರ್ಹರು ಎಂದು ಬರೆಯಲಾಗುತ್ತಿದೆ. ಅಂಥ ಗೆರೆ ಈ ಲೀಗಿನಲ್ಲಿ ಇಲ್ಲ.

2024-25ರ ಋತುವನ್ನೇ ನೋಡಿ. ಕ್ಯಾಲ್ಗರಿ ತಂಡ 82 ಪಂದ್ಯಗಳಲ್ಲಿ 96 ಅಂಕ ಗಳಿಸಿತು. ಇಡೀ ಲೀಗನ್ನು ಒಂದೇ ಪಟ್ಟಿ ಮಾಡಿದರೆ ಅದು ಮೊದಲ ಹದಿನಾರರೊಳಗೆ ನಿರಾಳವಾಗಿ ಕೂರುತ್ತದೆ. ಆದರೂ ಅದು ಪ್ಲೇ ಆಫ್ ಆಡಲಿಲ್ಲ. 91 ಅಂಕದ ಮಾಂಟ್ರಿಯಲ್ ಆಡಿತು. ಕ್ಯಾಲ್ಗರಿ ಪಶ್ಚಿಮದ್ದು, ಮಾಂಟ್ರಿಯಲ್ ಪೂರ್ವದ್ದು, ಅಷ್ಟೇ ಕಾರಣ. ಪೂರ್ವದ ಎಂಟು ಸ್ಥಾನಗಳಿಗೆ ಪೂರ್ವದವರೇ ಸ್ಪರ್ಧಿಗಳು, ಪಶ್ಚಿಮದ ಎಂಟಕ್ಕೆ ಪಶ್ಚಿಮದವರೇ. ಒಂದು ಬದಿಯಲ್ಲಿ ಎಷ್ಟು ಅಂಕ ಉಳಿದರೂ ಇನ್ನೊಂದು ಬದಿಗೆ ಅದು ಹರಿಯುವುದಿಲ್ಲ. ಕಾನ್ಫರೆನ್ಸ್ ಎಂದರೆ ಈ ತಡೆಗೋಡೆ.

ಗೋಡೆಯ ಒಳಗೆ ಮತ್ತೊಂದು ಅಡ್ಡಗೋಡೆಯಿದೆ. ಪಶ್ಚಿಮದ 16 ತಂಡಗಳು ಸೆಂಟ್ರಲ್, ಪೆಸಿಫಿಕ್ ಎಂಬ ಎರಡು ಡಿವಿಷನ್‌ಗಳಲ್ಲಿ ಎಂಟೆಂಟಾಗಿ ಹಂಚಿಹೋಗಿವೆ. ಸೆಂಟ್ರಲ್‌ನಲ್ಲಿ ಶಿಕಾಗೊ, ಕೊಲರಾಡೊ, ಡಲ್ಲಾಸ್, ಮಿನೆಸೋಟ, ನ್ಯಾಶ್‌ವಿಲ್, ಸೇಂಟ್ ಲೂಯಿಸ್, ಯೂಟಾ, ವಿನಿಪೆಗ್. ಪೆಸಿಫಿಕ್‌ನಲ್ಲಿ ಅನಹೈಮ್, ಕ್ಯಾಲ್ಗರಿ, ಎಡ್ಮಂಟನ್, ಲಾಸ್ ಏಂಜಲೀಸ್, ಸ್ಯಾನ್ ಹೋಸೆ, ಸಿಯಾಟಲ್, ವ್ಯಾಂಕೂವರ್, ವೇಗಸ್. ಪೂರ್ವದಲ್ಲಿ ಅಟ್ಲಾಂಟಿಕ್ ಮತ್ತು ಮೆಟ್ರೊಪಾಲಿಟನ್. ಪ್ರತಿ ಡಿವಿಷನ್ನಿನ ಮೊದಲ ಮೂರು ತಂಡಗಳು ನೇರವಾಗಿ ಪ್ಲೇ ಆಫ್‌ಗೆ ಹೋಗುತ್ತವೆ. ಆ ಆರನ್ನು ತೆಗೆದಿಟ್ಟರೆ ಕಾನ್ಫರೆನ್ಸಿನಲ್ಲಿ ಹತ್ತು ತಂಡ ಉಳಿಯುತ್ತವೆ. ಅವುಗಳನ್ನು ಯಾವ ಡಿವಿಷನ್ ಎಂದು ನೋಡದೆ ಅಂಕದ ಕ್ರಮದಲ್ಲಿ ಜೋಡಿಸಿ, ಮೇಲಿನ ಎರಡನ್ನು ಆರಿಸುತ್ತಾರೆ. ಇವೇ ವೈಲ್ಡ್ ಕಾರ್ಡ್ ತಂಡಗಳು. ಎರಡೂ ಒಂದೇ ಡಿವಿಷನ್ನಿನಿಂದ ಬರಬಹುದು. 2025ರಲ್ಲಿ ಹಾಗೇ ಆಯಿತು: ಸೆಂಟ್ರಲ್‌ನಿಂದ ಐದು, ಪೆಸಿಫಿಕ್‌ನಿಂದ ಮೂರು.

ಕ್ಯಾಲ್ಗರಿಯ ಕತೆ ಇನ್ನೂ ಮುಗಿದಿಲ್ಲ. ಎರಡನೆಯ ವೈಲ್ಡ್ ಕಾರ್ಡ್ ಪಡೆದ ಸೇಂಟ್ ಲೂಯಿಸ್ ಕೂಡ 96 ಅಂಕವನ್ನೇ ಗಳಿಸಿತ್ತು. ಸೇಂಟ್ ಲೂಯಿಸ್‌ನ ಲೆಕ್ಕ 44-30-8, ಕ್ಯಾಲ್ಗರಿಯದು 41-27-14. ಈ ಮೂರು ಅಂಕಿಗಳನ್ನು ಓದುವುದರಲ್ಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಮೊದಲನೆಯದು ಗೆಲುವು, ಎರಡನೆಯದು ಅರವತ್ತು ನಿಮಿಷದ ನಿಗದಿತ ಆಟದಲ್ಲೇ ಆದ ಸೋಲು. ಮೂರನೆಯದು ‘ಡ್ರಾ’ ಅಲ್ಲ. ಒಬ್ಬೊಬ್ಬರೇ ಆಟಗಾರರು ಗೋಲ್‌ಕೀಪರ್ ಎದುರು ಹೊಡೆದು ಗೆಲುವು ತೀರ್ಮಾನಿಸುವ ಶೂಟೌಟ್ 2005-06ರಲ್ಲಿ ಬಂದಮೇಲೆ ಡ್ರಾ ಎಂಬುದೇ ಹೋಯಿತು. ಮೂರನೆಯದು ಹೆಚ್ಚುವರಿ ಅವಧಿಯಲ್ಲಿ ಇಲ್ಲವೇ ಶೂಟೌಟಿನಲ್ಲಿ ಆದ ಸೋಲು. ಗೆಲುವಿಗೆ ಎರಡು ಅಂಕ, ಈ ಬಗೆಯ ಸೋಲಿಗೆ ಒಂದು, ನಿಗದಿತ ಅವಧಿಯ ಸೋಲಿಗೆ ಸೊನ್ನೆ. 44ರ ಇಮ್ಮಡಿ 88, ಅದಕ್ಕೆ ಎಂಟು ಸೇರಿಸಿದರೆ 96. 41ರ ಇಮ್ಮಡಿ 82, ಅದಕ್ಕೆ ಹದಿನಾಲ್ಕು ಸೇರಿಸಿದರೂ 96. ನಿಗದಿತ ಅವಧಿಯಲ್ಲಿ ಸೋತದ್ದು ಕ್ಯಾಲ್ಗರಿಯೇ ಕಡಿಮೆ, ಹೊರಗುಳಿದದ್ದೂ ಅದೇ.

ಸಮಬಲವಾದಾಗ ಮೊದಲು ನೋಡುವುದು ನಿಗದಿತ ಅವಧಿಯ ಗೆಲುವುಗಳನ್ನು. 2019-20ರಿಂದ ನಿಯಮ ಹೀಗಿದೆ. ಅಲ್ಲಿಯೂ ಸಮವಾದರೆ ಶೂಟೌಟ್ ಬಿಟ್ಟು, ನಿಗದಿತ ಮತ್ತು ಹೆಚ್ಚುವರಿ ಅವಧಿಯ ಗೆಲುವುಗಳನ್ನು ಕೂಡಿಸಿ ನೋಡುತ್ತಾರೆ. ಆಮೇಲೆ ಒಟ್ಟು ಗೆಲುವು, ಆಮೇಲೆ ಪರಸ್ಪರ ಪಂದ್ಯಗಳ ಅಂಕ, ಆಮೇಲೆ ಗೋಲುಗಳ ಅಂತರ, ಕೊನೆಗೆ ಹೊಡೆದ ಒಟ್ಟು ಗೋಲು. ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ: ಎರಡು ತಂಡಗಳು ಬೆಸಸಂಖ್ಯೆಯ ಪಂದ್ಯ ಆಡಿದ್ದರೆ, ಯಾವ ಊರಿನಲ್ಲಿ ಒಂದು ಪಂದ್ಯ ಹೆಚ್ಚು ನಡೆದಿದೆಯೋ ಅಲ್ಲಿಯ ಮೊದಲ ಪಂದ್ಯವನ್ನು ಬಿಟ್ಟು ಎಣಿಸಬೇಕು. ಇಲ್ಲದಿದ್ದರೆ ತವರು ನೆಲದ ಲಾಭ ಒಂದು ತಂಡಕ್ಕೆ ಹೆಚ್ಚಾಗಿಬಿಡುತ್ತದೆ. ಋತುವಿನ ನಡುವೆ ಎಲ್ಲ ತಂಡಗಳೂ ಸಮಸಂಖ್ಯೆಯ ಪಂದ್ಯ ಆಡಿರುವುದಿಲ್ಲವಾದ್ದರಿಂದ, ಆಗ ಅಂಕ ಸಮವಿದ್ದರೆ ಕಡಿಮೆ ಪಂದ್ಯ ಆಡಿದ ತಂಡವೇ ಮೇಲೆ. ಕ್ಯಾಲ್ಗರಿ ಮತ್ತು ಸೇಂಟ್ ಲೂಯಿಸ್ ವಿಷಯದಲ್ಲಿ ಇಷ್ಟು ದೂರ ಹೋಗಬೇಕಾಗಲಿಲ್ಲ. ನಿಗದಿತ ಅವಧಿಯ ಗೆಲುವುಗಳ ಸಾಲಿನಲ್ಲೇ ತೀರ್ಮಾನವಾಯಿತು. ಪತ್ರಿಕೆಯ ಅಂಕಪಟ್ಟಿಯಲ್ಲಿ ಆ ಸಾಲೇ ಇರುವುದಿಲ್ಲ!

ಈ ಒಂದಂಕದ ಸೋಲು ಕಾನ್ಫರೆನ್ಸ್ ಸ್ಪರ್ಧೆಗೆ ತರುವ ಲೆಕ್ಕಾಚಾರ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ನಿಗದಿತ ಅವಧಿಯಲ್ಲಿ ಮುಗಿದ ಪಂದ್ಯದಿಂದ ಎರಡು ಅಂಕ ಹೊರಬೀಳುತ್ತದೆ. ಹೆಚ್ಚುವರಿ ಅವಧಿಗೆ ಹೋದ ಪಂದ್ಯದಿಂದ ಮೂರು. ಎದುರಾಳಿ ಪೂರ್ವದವನಾದರೆ ಆ ಮೂರನೆಯ ಅಂಕ ಅವನ ಪಾಲಾದರೂ ಪಶ್ಚಿಮದ ತಂಡಕ್ಕೆ ಚಿಂತೆಯಿಲ್ಲ. ಅದು ಗೋಡೆಯಾಚೆ ಹೋಗುತ್ತದೆ. ಸಮಬಲದಲ್ಲಿರುವಾಗ ಕೊನೆಯ ಐದು ನಿಮಿಷ ಸಾಹಸಕ್ಕಿಳಿಯದೆ, ಒಂದಂಕವನ್ನು ಭದ್ರ ಮಾಡಿಕೊಂಡು ಹೆಚ್ಚುವರಿ ಅವಧಿಗೆ ಹೋಗುವುದೇ ಜಾಣತನ. ಎದುರಾಳಿ ಪಶ್ಚಿಮದವನೇ ಆಗಿ, ಪಟ್ಟಿಯಲ್ಲಿ ಪಕ್ಕದಲ್ಲೇ ಇದ್ದರೆ ಲೆಕ್ಕ ತಲೆಕೆಳಗು. ಅಲ್ಲಿ ನಿಗದಿತ ಅವಧಿಯಲ್ಲೇ ಗೆದ್ದರೆ ತನಗೆ ಎರಡು, ಅವನಿಗೆ ಸೊನ್ನೆ. ಮೇಲಾಗಿ ಸಮಬಲ ಬಿಡಿಸುವ ಸಾಲಿನಲ್ಲೂ ಒಂದು ಗೆಲುವು ಸೇರುತ್ತದೆ. ಹೆಚ್ಚುವರಿ ಅವಧಿಯಲ್ಲಿ ಗೆದ್ದರೆ ಅಂತರ ಒಂದೇ ಅಂಕದ್ದು, ಆ ಸಾಲು ಇದ್ದಲ್ಲೇ ಇರುತ್ತದೆ. ಅಂಕಪಟ್ಟಿಯಲ್ಲಿ ಹಿಂದೆ ಬಿದ್ದಿರುವ ತಂಡದ ಕೋಚ್ ಪಂದ್ಯ ಸಮವಾಗಿರುವಾಗಲೇ ಗೋಲ್‌ಕೀಪರನ್ನು ಹೊರಕರೆದು ಆರನೆಯ ಆಟಗಾರನನ್ನು ಇಳಿಸಿದರೆ ಅದು ಹುಚ್ಚಲ್ಲ, ಈ ಲೆಕ್ಕ.

ಮಾರ್ಚ್ ತಿಂಗಳಲ್ಲಿ ‘ಇನ್ನೂ ಅವಕಾಶವಿದೆ’ ಎಂಬ ಶೀರ್ಷಿಕೆ ಹಾಕುವ ಮೊದಲು ಒಂದು ಸರಳ ಗುಣಾಕಾರ ಮಾಡಿ ನೋಡಬಹುದು. ಹತ್ತು ಪಂದ್ಯ ಉಳಿದಿವೆ, ಎರಡನೆಯ ವೈಲ್ಡ್ ಕಾರ್ಡ್ ತಂಡಕ್ಕಿಂತ ಆರು ಅಂಕ ಹಿಂದೆ ಎಂದಿಟ್ಟುಕೊಳ್ಳಿ. ಮುಂದಿರುವ ತಂಡ ಹತ್ತರಲ್ಲಿ ಐದನ್ನು ಮಾತ್ರ ಗೆದ್ದು ಉಳಿದ ಐದನ್ನು ನಿಗದಿತ ಅವಧಿಯಲ್ಲೇ ಸೋತರೂ ಅದಕ್ಕೆ ಹತ್ತು ಅಂಕ. ಹಿಂದಿರುವ ತಂಡ ಸರಿಗಟ್ಟಲು ಹದಿನಾರು ಬೇಕು, ಅಂದರೆ ಹತ್ತರಲ್ಲಿ ಎಂಟು ಗೆಲುವು. ನಿಗದಿತ ಅವಧಿಯ ಗೆಲುವುಗಳಲ್ಲೂ ಅದು ಹಿಂದಿದ್ದರೆ ಸರಿಗಟ್ಟಿದರೆ ಸಾಲದು, ದಾಟಬೇಕು. ಆರರ ಅಂತರ ವಾಸ್ತವದಲ್ಲಿ ಏಳಾಗುತ್ತದೆ. ಮುಂದಿನವನು ಎರಡು ಮೂರು ಪಂದ್ಯಗಳನ್ನು ಹೆಚ್ಚುವರಿ ಅವಧಿಯಲ್ಲಿ ಸೋತು ಒಂದೊಂದು ಅಂಕ ಹೆಕ್ಕಿಕೊಂಡರಂತೂ ಕತೆ ಮುಗಿಯಿತು. ನಡುವೆ ಮತ್ತೆರಡು ತಂಡಗಳಿದ್ದರೆ ಅವನ್ನೂ ದಾಟಬೇಕು, ಅವು ಪರಸ್ಪರ ಆಡುವ ದಿನ ಯಾರಾದರೂ ಒಬ್ಬರು ಗೆದ್ದೇ ಗೆಲ್ಲುತ್ತಾರೆ. ಗಣಿತ ಬಾಗಿಲು ಮುಚ್ಚುವ ಎಷ್ಟೋ ಮೊದಲೇ ಇಂಥ ತಂಡಗಳ ಋತು ಮುಗಿದಿರುತ್ತದೆ.

ಇನ್ನು ಪ್ಲೇ ಆಫ್ ಜೋಡಿಗಳು. ಮೊದಲ ಸುತ್ತು ಒಂದಕ್ಕೆ ಎಂಟು, ಎರಡಕ್ಕೆ ಏಳು ಎಂಬಂತೆ ಇರುವುದಿಲ್ಲ. ಎರಡು ಡಿವಿಷನ್ ವಿಜೇತರಲ್ಲಿ ಹೆಚ್ಚು ಅಂಕದವರಿಗೆ ಎರಡನೆಯ ವೈಲ್ಡ್ ಕಾರ್ಡ್ ತಂಡ, ಇನ್ನೊಬ್ಬರಿಗೆ ಮೊದಲನೆಯದು. ಉಳಿದಂತೆ ಅದೇ ಡಿವಿಷನ್ನಿನ ಎರಡನೆಯವರಿಗೂ ಮೂರನೆಯವರಿಗೂ ಕಾದಾಟ. 2025ರಲ್ಲಿ ವಿನಿಪೆಗ್ 116 ಅಂಕಗಳೊಂದಿಗೆ ಇಡೀ ಲೀಗಿಗೇ ಮೊದಲಾಗಿತ್ತು, ಅದಕ್ಕೆ ಸೇಂಟ್ ಲೂಯಿಸ್ ಸಿಕ್ಕಿತು. 97 ಅಂಕದ ಮಿನೆಸೋಟ ಸೆಂಟ್ರಲ್ ತಂಡವಾದರೂ ಪೆಸಿಫಿಕ್ ಬದಿಗೆ ದಾಟಿ ವೇಗಸ್ ಎದುರು ಆಡಿತು. ಒಂದು ವೇಳೆ ಅದು ಪೆಸಿಫಿಕ್ ಬದಿಯಿಂದ ಗೆದ್ದುಬಂದಿದ್ದರೂ ಸೆಂಟ್ರಲ್ ತಂಡವೇ ಆಗಿರುತ್ತಿತ್ತು. ‘ಪೆಸಿಫಿಕ್ ತಂಡ ಮಿನೆಸೋಟ’ ಎಂದು ಬರೆಯುವಂತಿಲ್ಲ.

ಎರಡನೆಯವರು ಮತ್ತು ಮೂರನೆಯವರ ಈ ಕಟ್ಟುಪಾಡು ಪಶ್ಚಿಮಕ್ಕೆ ಅನ್ಯಾಯ ಮಾಡಿದೆ ಎಂಬುದು ಸ್ಪಷ್ಟ. ಅದೇ ವರ್ಷ 106 ಅಂಕದ ಡಲ್ಲಾಸ್, 102 ಅಂಕದ ಕೊಲರಾಡೊ ಮೊದಲ ಸುತ್ತಿನಲ್ಲೇ ಮುಖಾಮುಖಿಯಾದವು. ಸರಣಿ ಏಳನೆಯ ಪಂದ್ಯಕ್ಕೆ ಹೋಯಿತು, ಕೆಲವೇ ತಿಂಗಳ ಹಿಂದಿನವರೆಗೂ ಕೊಲರಾಡೊ ಅಂಗಿ ತೊಟ್ಟಿದ್ದ ಮಿಕ್ಕೊ ರಂಟಾನೆನ್ ಮೂರನೆಯ, ಅಂದರೆ ಕೊನೆಯ ಅವಧಿಯಲ್ಲಿ ಡಲ್ಲಾಸ್ ಪರ ಮೂರು ಗೋಲು ಹೊಡೆದು ಹಳೆಯ ತಂಡವನ್ನು ಮನೆಗೆ ಕಳಿಸಿದರು. ಸೊಗಸಾದ ಪಂದ್ಯ, ಆದರೆ ಅದು ಏಪ್ರಿಲ್–ಮೇ ಸಂಧಿಯ ಪಂದ್ಯವಲ್ಲ, ಇನ್ನೂ ಮುಂದೆ ಬರಬೇಕಾಗಿದ್ದದ್ದು. ಪೆಸಿಫಿಕ್‌ನಲ್ಲಂತೂ ಎಡ್ಮಂಟನ್ ಮತ್ತು ಲಾಸ್ ಏಂಜಲೀಸ್ 2022, 2023, 2024, 2025, ನಾಲ್ಕೂ ವರ್ಷ ಮೊದಲ ಸುತ್ತಿನಲ್ಲೇ ಸಿಕ್ಕಿಬಿದ್ದವು. ನಾಲ್ಕರಲ್ಲೂ ಎಡ್ಮಂಟನ್ ಗೆದ್ದಿತು. 2025ರಲ್ಲಿ ಲಾಸ್ ಏಂಜಲೀಸ್‌ಗೆ 105 ಅಂಕ, ಎಡ್ಮಂಟನ್‌ಗೆ 101. ಋತುವಿಡೀ ಬೆವರಿಳಿಸಿ ನಾಲ್ಕು ಅಂಕ ಮುಂದೆ ಬಂದು ಸಿಕ್ಕ ಬಹುಮಾನ ಅದೇ ಎದುರಾಳಿ!

1994ರಿಂದ 2013ರವರೆಗೆ ಜೋಡಿಗಳನ್ನು ಕಾನ್ಫರೆನ್ಸ್ ಮಟ್ಟದಲ್ಲೇ ಒಂದರಿಂದ ಎಂಟರವರೆಗೆ ಶ್ರೇಯಾಂಕ ಕೊಟ್ಟು ಹೊಂದಿಸುತ್ತಿದ್ದರು. ಡಿವಿಷನ್ ಗೆದ್ದವರಿಗೆ ಮೇಲಿನ ಶ್ರೇಯಾಂಕ ಮೀಸಲು. ಪ್ರತಿ ಸುತ್ತಿನ ನಂತರ ಉಳಿದವರಲ್ಲಿ ಮೇಲಿನವರಿಗೆ ಕೆಳಗಿನವರು ಎಂದು ಮತ್ತೆ ಜೋಡಿಸುತ್ತಿದ್ದರು. 2025ರ ಅಂಕಗಳನ್ನೇ ಆ ಅಚ್ಚಿಗೆ ಹಾಕಿದರೆ ವಿನಿಪೆಗ್–ಸೇಂಟ್ ಲೂಯಿಸ್, ವೇಗಸ್–ಮಿನೆಸೋಟ ಹಾಗೆಯೇ ಉಳಿಯುತ್ತವೆ. ಡಲ್ಲಾಸ್‌ಗೆ ಎಡ್ಮಂಟನ್, ಲಾಸ್ ಏಂಜಲೀಸ್‌ಗೆ ಕೊಲರಾಡೊ ಸಿಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ಎಂಟನೆಯವರಿಗೂ ದಾರಿ ಮುಚ್ಚಿರಲಿಲ್ಲ. 2012ರಲ್ಲಿ ಲಾಸ್ ಏಂಜಲೀಸ್ ಪಶ್ಚಿಮದ ಎಂಟನೆಯ ತಂಡವಾಗಿ ಒಳಗೆ ಬಂದು ಮೊದಲ ಶ್ರೇಯಾಂಕದ ವ್ಯಾಂಕೂವರ್, ಎರಡನೆಯ ಸೇಂಟ್ ಲೂಯಿಸ್, ಮೂರನೆಯ ಫೀನಿಕ್ಸ್ ತಂಡಗಳನ್ನು ಸಾಲಾಗಿ ಮಣಿಸಿ, ಕೊನೆಗೆ ನ್ಯೂಜೆರ್ಸಿಯನ್ನು 4-2ರಿಂದ ಸೋಲಿಸಿ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ ಎತ್ತಿತು.

ಹಾಗಾದರೆ ಬದಲಿಸಿದ್ದೇಕೆ? ಗಡಿಯಾರ ಮತ್ತು ವಿಮಾನ. ಪೂರ್ವದ 16 ತಂಡಗಳೂ ಒಂದೇ ಕಾಲವಲಯದಲ್ಲಿವೆ. ಪಶ್ಚಿಮದವು ಮೂರು ಕಾಲವಲಯಗಳಲ್ಲಿ ಚದುರಿವೆ. ಲಾಸ್ ಏಂಜಲೀಸ್‌ನಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ನ್ಯಾಶ್‌ವಿಲ್‌ನಲ್ಲಿ ರಾತ್ರಿ ಒಂಬತ್ತು. ಮೊದಲ ಎರಡು ಸುತ್ತುಗಳನ್ನು ಆದಷ್ಟು ಡಿವಿಷನ್ ಒಳಗೇ ಇಟ್ಟರೆ ಅಭಿಮಾನಿಗಳು ಮಲಗುವ ಮೊದಲು ಪಂದ್ಯ ಮುಗಿಯುತ್ತದೆ, ಪ್ರಯಾಣವೂ ತಗ್ಗುತ್ತದೆ. ಏಳು ಪಂದ್ಯಗಳ ಸರಣಿಯಲ್ಲಿ 1, 2, 5, 7ನೆಯವು ಮೇಲಿನ ತಂಡದ ಊರಿನಲ್ಲಿ, 3, 4, 6ನೆಯವು ಕೆಳಗಿನ ತಂಡದ ಊರಿನಲ್ಲಿ. ಸರಣಿ ಪೂರ್ತಿ ನಡೆದರೆ ನಾಲ್ಕು ಸಲ ಊರು ಬದಲಾಗುತ್ತದೆ. ಫಿಲಡೆಲ್ಫಿಯ–ನ್ಯೂಯಾರ್ಕ್ ನಡುವೆ ಇದು ಏನೂ ಅಲ್ಲ, ಎಡ್ಮಂಟನ್–ಡಲ್ಲಾಸ್ ನಡುವೆ ಕಾಲು ಊದುವಷ್ಟು. ತವರಿನ ಲಾಭವೆಂದರೆ ಬರೀ ಚಪ್ಪಾಳೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆಟ ನಿಂತಾಗ ಆಟಗಾರರ ಸಾಲು ಬದಲಿಸುವ ಕೊನೆಯ ಅವಕಾಶ ತವರು ತಂಡದ ಕೋಚ್‌ಗೆ. ಎದುರಾಳಿ ಯಾರನ್ನು ಇಳಿಸಿದ್ದಾನೆ ಎಂದು ನೋಡಿಕೊಂಡು ಎಡ್ಮಂಟನ್ನಿನ ತಾರೆ ಕಾನರ್ ಮೆಕ್‌ಡೇವಿಡ್‌ನಂಥವರ ಎದುರು ತನಗೆ ಬೇಕಾದ ರಕ್ಷಣಾ ಜೋಡಿಯನ್ನು ಬಿಡಬಹುದು.

ಋತುವಿನ ವೇಳಾಪಟ್ಟಿಯೂ ಇದೇ ಗೋಡೆಗಳ ಮೇಲೆ ನಿಂತಿದೆ. 82 ಪಂದ್ಯಗಳ ಋತುವಿನಲ್ಲಿ ತಂಡವೊಂದು ತನ್ನ ಡಿವಿಷನ್ನಿನ ಐದು ತಂಡಗಳೊಡನೆ ನಾಲ್ಕು ನಾಲ್ಕು ಬಾರಿ, ಇನ್ನೆರಡರೊಡನೆ ಮೂರು ಮೂರು ಬಾರಿ ಆಡುತ್ತಿತ್ತು: ಒಟ್ಟು 26. ಅದೇ ಕಾನ್ಫರೆನ್ಸಿನ ಇನ್ನೊಂದು ಡಿವಿಷನ್ನಿನ ಎಂಟರೊಡನೆ ಮೂರು ಮೂರರಂತೆ 24. ಆಚೆಯ ಕಾನ್ಫರೆನ್ಸಿನ ಹದಿನಾರರೊಡನೆ ತವರಿನಲ್ಲೊಂದು, ಹೊರಗೊಂದು, ಒಟ್ಟು 32. 2026-27ರಿಂದ ಪಂದ್ಯಗಳ ಸಂಖ್ಯೆ 84 ಎಂದು ಲೀಗ್ ಮತ್ತು ಆಟಗಾರರ ಸಂಘ ಒಪ್ಪಂದ ಮಾಡಿಕೊಂಡಿವೆ. ಪಶ್ಚಿಮದ ತಂಡಗಳು ಪೂರ್ವದ ಪಂದ್ಯಗಳನ್ನು ಗೊಂಚಲು ಕಟ್ಟಿ ಆಡುತ್ತವೆ. ನ್ಯೂಯಾರ್ಕಿನ ಎರಡು ತಂಡ ಮತ್ತು ನ್ಯೂಜೆರ್ಸಿ ಹತ್ತಿರ ಹತ್ತಿರ ಇರುವುದರಿಂದ ಮೂರನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದು. ಅಂಥ ಪ್ರವಾಸದ ನಡುವಿನ ನಾಲ್ಕು ಸೋಲು ನೋಡಿ ‘ಕುಸಿದ ತಂಡ’ ಎಂದು ಬರೆಯುವ ಮುನ್ನ ಎಷ್ಟು ಪಂದ್ಯ ತವರಿನಲ್ಲಿ ಬಾಕಿ ಇವೆ ಎಂದು ಎಣಿಸುವುದು ಒಳ್ಳೆಯದು.

ಪೂರ್ವ, ಪಶ್ಚಿಮ ಎಂಬ ಹೆಸರುಗಳನ್ನು ನಕ್ಷೆಯಂತೆ ಓದಬಾರದೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1967ರಲ್ಲಿ ಲೀಗ್ ಆರರಿಂದ ಹನ್ನೆರಡಕ್ಕೆ ಬೆಳೆದಾಗ ಹಳೆಯ ಆರನ್ನೂ ಪೂರ್ವಕ್ಕೆ, ಹೊಸ ಆರನ್ನೂ ಪಶ್ಚಿಮಕ್ಕೆ ಹಾಕಿದರು. ಹೊಸಬರಲ್ಲಿ ಫಿಲಡೆಲ್ಫಿಯವೂ ಇತ್ತು! ಪಶ್ಚಿಮ ಗೆದ್ದು 1968, 1969, 1970ರ ಫೈನಲ್‌ಗಳಿಗೆ ಹೋದ ಸೇಂಟ್ ಲೂಯಿಸ್ ಹನ್ನೆರಡರಲ್ಲಿ ಹನ್ನೆರಡೂ ಪಂದ್ಯ ಸೋತಿತು. 1970ರಲ್ಲಿ ಬಂದ ವ್ಯಾಂಕೂವರ್ ಶಾಂತ ಸಾಗರದ ದಡದ ಊರು, ಅದನ್ನು ಹಾಕಿದ್ದು ಪೂರ್ವಕ್ಕೆ. 1974ರಲ್ಲಿ ವೇಲ್ಸ್, ಕ್ಯಾಂಪ್‌ಬೆಲ್ ಎಂಬ ಕಾನ್ಫರೆನ್ಸ್‌ಗಳಾದವು. ಅವಕ್ಕೂ ಭೂಗೋಳಕ್ಕೂ ಸಂಬಂಧ ಬಂದದ್ದು 1981ರಲ್ಲಿ. ಆಮೇಲೆ 1983ರಿಂದ 1990ರವರೆಗೆ ಎಂಟು ವರ್ಷ ಕ್ಯಾಂಪ್‌ಬೆಲ್ ಕಡೆಯಿಂದ ಫೈನಲ್‌ಗೆ ಹೋದದ್ದು ಎಡ್ಮಂಟನ್ ಇಲ್ಲವೇ ಕ್ಯಾಲ್ಗರಿ, ಎರಡೂ ಆಲ್ಬರ್ಟ ಪ್ರಾಂತದವೇ. 1993-94ರಲ್ಲಿ ಈಸ್ಟರ್ನ್, ವೆಸ್ಟರ್ನ್ ಎಂಬ ಹೆಸರು ಬಂದವು, ಮೊದಲ ವರ್ಷದ ಪಶ್ಚಿಮ ಫೈನಲ್ ಆಡಿದ್ದು ವ್ಯಾಂಕೂವರ್ ಮತ್ತು ಟೊರಾಂಟೊ! ಟೊರಾಂಟೊ ಪೂರ್ವಕ್ಕೆ ಬಂದದ್ದು 1998ರಲ್ಲಿ. ಡೆಟ್ರಾಯಿಟ್ ಮತ್ತು ಕೊಲಂಬಸ್ 2013ರವರೆಗೆ ಕಾಯಬೇಕಾಯಿತು. ಅಟ್ಲಾಂಟದಿಂದ 2011ರಲ್ಲಿ ವಿನಿಪೆಗ್‌ಗೆ ಹೋದ ತಂಡವಂತೂ ಎರಡು ಋತು ಅಟ್ಲಾಂಟ ಬಿಟ್ಟುಹೋದ ಸೌತ್‌ಈಸ್ಟ್ ಡಿವಿಷನ್ನಿನಲ್ಲೇ ಇತ್ತು, ಕೆನಡಾದ ನಟ್ಟನಡುವಿನಿಂದ ಫ್ಲಾರಿಡಕ್ಕೆ ಹಾರುತ್ತ.

2013ರ ಮರುವಿಂಗಡಣೆ ಪೂರ್ವಕ್ಕೆ 16, ಪಶ್ಚಿಮಕ್ಕೆ 14 ತಂಡ ಕೊಟ್ಟಿತು. ಸ್ಥಾನ ಎರಡು ಕಡೆಯೂ ಎಂಟೇ, ಹಾಗಾಗಿ ಪಶ್ಚಿಮದಲ್ಲಿ ಪ್ಲೇ ಆಫ್ ತಲುಪುವುದು ಲೆಕ್ಕದ ಮಟ್ಟಿಗೆ ಸುಲಭವಾಗಿತ್ತು. 2017ರಲ್ಲಿ ವೇಗಸ್, 2021ರಲ್ಲಿ ಸಿಯಾಟಲ್ ಸೇರಿ ತಕ್ಕಡಿ ಸಮವಾಯಿತು. ಸಿಯಾಟಲ್‌ಗೆ ಜಾಗ ಮಾಡಿಕೊಡಲು ಪೆಸಿಫಿಕ್‌ನಿಂದ ಸೆಂಟ್ರಲ್‌ಗೆ ಸರಿದದ್ದು ಅರಿಜೋನ. 2024ರಲ್ಲಿ ಅದರ ಆಟಗಾರರೆಲ್ಲ ಯೂಟಾಕ್ಕೆ ಹೋದರು.

ಹಳೆಯ ದಾಖಲೆ ಹುಡುಕುವವರು 2021ರಲ್ಲಿ ಎಡವುತ್ತಾರೆ. ಕೋವಿಡ್‌ನಿಂದ ಕೆನಡಾ–ಅಮೆರಿಕ ಗಡಿ ಮುಚ್ಚಿದ್ದರಿಂದ 2020-21ರ 56 ಪಂದ್ಯಗಳ ಋತುವಿನಲ್ಲಿ ಕಾನ್ಫರೆನ್ಸ್‌ಗಳೇ ಇರಲಿಲ್ಲ. ಕೆನಡಾದ ಏಳು ತಂಡಗಳು ನಾರ್ತ್ ಡಿವಿಷನ್ನಿನಲ್ಲಿ ತಮ್ಮತಮ್ಮಲ್ಲೇ ಆಡಿದವು. ಸೆಮಿಫೈನಲ್‌ನಲ್ಲಿ ವೇಗಸ್ ಅನ್ನು ಸೋಲಿಸಿದ ಮಾಂಟ್ರಿಯಲ್‌ಗೆ ಸಿಕ್ಕಿದ್ದು ಪಶ್ಚಿಮದ ವಿಜೇತರಿಗೆ ಕೊಡುವ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಬಟ್ಟಲು. ಪಟ್ಟಿಯಲ್ಲಿ ಅದನ್ನು ನೋಡಿ ಮುದ್ರಣದೋಷವೆಂದು ತಿದ್ದಬೇಡಿ, ಸರಿಯಾಗಿಯೇ ಇದೆ.

ಕ್ರೀಡಾ ವಿಭಾಗಕ್ಕೆ ಕೆಲವು ಸಲಹೆಗಳು. ‘ಕಾನ್ಫರೆನ್ಸ್’, ‘ಡಿವಿಷನ್’ ಪದಗಳನ್ನು ಹಾಗೇ ಇಡಿ, ಓದುಗರಿಗೆ ಕಷ್ಟವಾಗದು. ಕನ್ನಡವೇ ಬೇಕೆಂದರೆ ಕಾನ್ಫರೆನ್ಸಿಗೆ ‘ವಲಯ’, ಡಿವಿಷನ್ನಿಗೆ ‘ವಿಭಾಗ’ ಸಾಕು, ಆದರೆ ಒಮ್ಮೆ ಹಿಡಿದದ್ದನ್ನು ಬಿಡಬೇಡಿ. ಕಾನ್ಫರೆನ್ಸ್ ಫೈನಲ್ ಎಂದರೆ ಲೀಗಿನ ಸೆಮಿಫೈನಲ್, ಅದನ್ನು ಗೆದ್ದವರನ್ನು ಬರೀ ‘ಚಾಂಪಿಯನ್’ ಎಂದರೆ ಕಪ್ಪೇ ಗೆದ್ದರೇನೋ ಅನ್ನಿಸುತ್ತದೆ. ಅಂಕಪಟ್ಟಿಯನ್ನು ಕಾನ್ಫರೆನ್ಸಿಗೊಂದರಂತೆ ಎರಡು ತುಂಡು ಮಾಡಿ. ಪಶ್ಚಿಮದ ತುಂಡಿನಲ್ಲಿ ಮೊದಲು ಸೆಂಟ್ರಲ್‌ನ ಮೂರು, ಕೆಳಗೆ ಪೆಸಿಫಿಕ್‌ನ ಮೂರು, ಅದರ ಕೆಳಗೆ ಉಳಿದ ಹತ್ತು. ಹತ್ತರಲ್ಲಿ ಎರಡನೆಯದರ ಅಡಿಗೆ ಗೆರೆ. ಅಡ್ಡಸಾಲಿಗೆ ಆಡಿದ ಪಂದ್ಯ, ಗೆಲುವು, ಸೋಲು, ಹೆಚ್ಚುವರಿ ಅವಧಿಯ ಸೋಲು, ಅಂಕ, ನಿಗದಿತ ಅವಧಿಯ ಗೆಲುವು ಎಂದು ಆರು ಅಂಕಣ. ಜಾಗ ಸಾಲದಿದ್ದರೆ ಗೆಲುವು, ಸೋಲುಗಳನ್ನು ಬೇಕಾದರೆ ಬಿಡಿ, ಕೊನೆಯ ಅಂಕಣವನ್ನು ಮಾತ್ರ ಬಿಡಬೇಡಿ.

ಇನ್ನೊಂದು ಮಾತು ಚಿತ್ರದ ಅಡಿಬರಹದ ಬಗ್ಗೆ. ಕಾನ್ಫರೆನ್ಸ್ ಗೆದ್ದ ರಾತ್ರಿ ಬೆಳ್ಳಿ ಬಟ್ಟಲಿನ ಪಕ್ಕ ನಾಯಕನೊಬ್ಬ ಕೈಕಟ್ಟಿ, ಮುಖ ಬಿಗಿದು, ಅದನ್ನು ಮುಟ್ಟದೆ ನಿಂತಿರುವ ಚಿತ್ರ ಸುದ್ದಿಸಂಸ್ಥೆಯಿಂದ ಬರಬಹುದು. ಸ್ಟಾನ್ಲಿ ಕಪ್‌ಗೆ ಮುಂಚೆ ಬೇರೆ ಪ್ರಶಸ್ತಿ ಮುಟ್ಟಿದರೆ ಅಪಶಕುನವೆಂಬ ನಂಬಿಕೆ ಅನೇಕ ಆಟಗಾರರಲ್ಲಿದೆ. 2018ರಲ್ಲಿ ವಾಷಿಂಗ್ಟನ್ ನಾಯಕ ಅಲೆಕ್ಸಾಂಡರ್ ಒವೆಚ್ಕಿನ್ ಪೂರ್ವದ ಪ್ರಶಸ್ತಿಯನ್ನು ಎತ್ತಿಯೇ ಹಿಡಿದರು, ವಾಷಿಂಗ್ಟನ್ ಕಪ್ಪನ್ನೂ ಗೆದ್ದಿತು. ನಂಬಿಕೆ ಮಾತ್ರ ಹೋಗಲಿಲ್ಲ. ಅಡಿಬರಹದಲ್ಲಿ ‘ಸೋತ ನಾಯಕನ ಹತಾಶೆ’ ಎಂದು ಬರೆಯದಿರಿ. ಆತ ಗೆದ್ದವನು.

ಇಂತಿ,
ಐಸ್ ಹಾಕಿ ಓದುಗ